ಬಾದಾಮಿ ಬಂಡೆಯ ವಯಸ್ಸಿಗೆ ಕರಿಕಲ್ಲೇ ಸಾಕ್ಷಿ

ಬಾಯ್ನಾ (ಗೋವಾ): ಇಲ್ಲಿ ಗೌಂಡಿ ಕೆಲಸ, ಹಮಾಲಿ ಮಾಡಿಕೊಂಡು ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಬಾಗಲಕೋಟೆ, ಬಾದಾಮಿ ಕಡೆಯವರೂ ಇದ್ದಾರೆ. ಬನಶಂಕರಿ ಜಾತ್ರೆಗೆ ಊರಿಗೆ ಹೋದವರು ಬಾದಾಮಿ ಗುಹೆಗಳನ್ನೂ ನೋಡಿ ಬರುವುದುಂಟು. ಮೂರನೇ ಗುಹೆ ಕ್ರಿ.ಶ. 578ರದ್ದು ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಆದರೆ ಗುಹೆ ಕೊರೆದ ಆ ಕೆಂಪು ಬಂಡೆ ಹುಟ್ಟಿದ್ದು ಯಾವಾಗ? ಅದಕ್ಕೆ ಶಾಸನ ಇಲ್ಲ.

ಅದು ಉಸುಕುಗಲ್ಲು. ನೀರು ತಂದ ಉಸುಕು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಅದರ ಒಂದು ಕಾಳು ತೆಗೆದು ಪರೀಕ್ಷಿಸಿದರೆ ಸಿಗುವುದು ಕಾಳು ಉದುರಿ ಬಂದ ಹಳೇ ಬಂಡೆಯ ವಯಸ್ಸು, ಪದರದ್ದಲ್ಲ. ಗೌಂಡಿಗಳಿಗೆ ಇದು ಬೇಗ ತಿಳಿದೀತು. ಹೊಳೆ ಉಸುಕು ಎಷ್ಟೇ ಹಳೇದಿರಲಿ, ಗೋಡೆ ಕಟ್ಟಿದ್ದು ನಿನ್ನೆ ತಾನೇ!

ಇಲ್ಲಿ ನೆರವಿಗೆ ಬರುವುದು ಅಗ್ನಿಶಿಲೆ. ಭೂಮಿಯೊಳಗಿನ ಶಿಲಾರಸ ಬಿರುಕಿಗೆ ನುಗ್ಗಿ ಆರಿದರೆ ಕರಿಕಲ್ಲಿನ ಪಟ್ಟಿ ಆಗುತ್ತದೆ. ಇದಕ್ಕೆ ಡೈಕ್ ಎನ್ನುತ್ತಾರೆ. ಕರಗಿದ ರಸದಿಂದ ಆರ್ಗಾನ್ ಅನಿಲ ಹಾರಿಹೋಗಿರುತ್ತದೆ. ಆರಿದ ಮೇಲೆ ಕಲ್ಲಿನೊಳಗಿನ ಪೊಟ್ಯಾಸಿಯಂ-40 ನಿಧಾನಕ್ಕೆ ಒಡೆಯುತ್ತ ಹೊಸ ಆರ್ಗಾನ್ ಕೂಡುತ್ತ ಹೋಗುತ್ತದೆ. ಅದು ಅರ್ಧಕ್ಕೆ ಇಳಿಯಲು 125 ಕೋಟಿ ವರ್ಷ ಬೇಕು. ಕೂಡಿದ ಬಡ್ಡಿ ನೋಡಿ ಠೇವಣಿ ಇಟ್ಟ ದಿನ ಹೇಳಿದಂತೆ, ಈ ಆರ್ಗಾನ್ ಅಳೆದು ಕಲ್ಲು ಆರಿದ ಕಾಲ ಹೇಳಬಹುದು.

ಡೈಕ್ ಪದರವನ್ನು ಸೀಳಿದ್ದರೆ ಪದರವೇ ಹಿರಿಯದು. ಗೋಡೆ ಇಲ್ಲದೇ ಪೈಪಿಗೆ ತೂತು ಹೊಡೆಯಲಾದೀತೇ? ಕಾದ ರಸ ತಾಗಿದ ಅಂಚಿನಲ್ಲಿ ಹಳೇ ಕಲ್ಲು ಸುಟ್ಟ ಇಟ್ಟಿಗೆಯಂತೆ ಬಿರುಸಾಗಿರುವುದೂ ಉಂಟು.

ಬಾದಾಮಿ ಪದರಗಳಿಗಿಂತ ಕೆಳಗೆ ಮಡಿಕೆ ಬಿದ್ದ ಬಾಗಲಕೋಟೆ ಪದರಗಳಿವೆ. ಅವುಗಳೊಳಗೆ ನುಗ್ಗಿದ ಮಲ್ಲಾಪುರದ ಅಗ್ನಿಶಿಲೆಗೆ ಸುಮಾರು 115.4 ಕೋಟಿ ವರ್ಷ ಎಂದು 2018ರಲ್ಲಿ ಪ್ರಕಟವಾಯಿತು. ಅಂದಮೇಲೆ ಬಾಗಲಕೋಟೆ ಪದರಗಳು ಅದಕ್ಕೂ ಹಳೇವು. ಬಾದಾಮಿ ಪದರಗಳು ಅವುಗಳ ಸವೆದ ಬೆನ್ನಿನ ಮೇಲೆ ಮಲಗಿವೆ, ಮಲ್ಲಾಪುರದ ಶಿಲೆ ಅವುಗಳೊಳಗೆ ಹೊಕ್ಕಿಲ್ಲ. ಹೀಗಾಗಿ ಅವು ಕಿರಿಯವು. ಪಶ್ಚಿಮಕ್ಕೆ ಇವೆಲ್ಲದರ ಮೇಲೆ ಹರಡಿದ ದಖ್ಖನ್ ಲಾವಾ ಸುಮಾರು 6.6 ಕೋಟಿ ವರ್ಷದ್ದು. ಬಾದಾಮಿ ಬಂಡೆ ಈ ಎರಡರ ನಡುವಿನದು. ಅಂತರ ದೊಡ್ಡದೇ, ಆದರೂ ಎರಡು ಕಡೆ ಗಡಿಗಲ್ಲು ನೆಟ್ಟಂತಾಯಿತು.

ಗೋವಾದಲ್ಲೂ ಹಳೇ ಬಂಡೆಗಳನ್ನು ಸೀಳಿದ ಇಂಥ ಡೈಕುಗಳಿವೆ. ಅವುಗಳಿಗೆ 6.28 ಕೋಟಿ ವರ್ಷ ಎಂದು 2000ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಕರಿಕಲ್ಲಿಗೆ ಖಡಿ ಮಷಿನ್‌ನವರ ಬೇಡಿಕೆ ಇದ್ದೇ ಇದೆ. ಡೈಕ್ ಮತ್ತು ಪದರ ಕೂಡುವ ಅಂಚು ಒಡೆದು ಲಾರಿ ಏರಿದರೆ, ಯಾವುದು ಯಾವುದನ್ನು ಸೀಳಿತ್ತು ಎಂದು ಆ ಜಾಗದಲ್ಲಿ ಮತ್ತೆ ನೋಡಲು ಬರುವುದಿಲ್ಲ.