ತೋಳ ಮತ್ತು ನಾಯಿ

ಸಂತೆಕಲ್ಲೂರಿನ ಕಡೆ ಕೊಯ್ದ ಹೊಲದಲ್ಲಿ ಕುರಿಹಿಂಡು ತಂಗುವ ರಾತ್ರಿ, ಕಾಯುವ ನಾಯಿಯೂ ಹೊಂಚುವ ತೋಳವೂ ದಾಯಾದಿಗಳೆಂಬುದನ್ನು ನಾವು ಮರೆಯುತ್ತೇವೆ. ಇವು ಕವಲೊಡೆದು 15,000 ವರ್ಷಗಳಿಗೂ ಮಿಗಿಲು. ನಾಯಿಯ ಪೂರ್ವಜ ಮಾತ್ರ ನಮ್ಮ ಬಯಲಿನ ತೋಳವಲ್ಲ; ಅಳಿದುಹೋದ ಬೇರೊಂದು ತೋಳಸಂತತಿ. ಸೈಬೀರಿಯದ ಹಸ್ಕಿಯ ಮೋರೆ ತೋಳದ್ದೆಂದು ಪಟ್ಟಣಿಗರು ಬೆರಗಾಗುತ್ತಾರೆ. ಅದರ ಸ್ವಭಾವವೋ ಅಪ್ಪಟ ನಾಯಿಯದು.

ಈ ಸ್ವಭಾವಭೇದವನ್ನು ಬುಡಾಪೆಸ್ಟಿನ ವಿಜ್ಞಾನಿಗಳು 2003ರಲ್ಲಿ ತೋರಿಸಿಕೊಟ್ಟರು. ಎಟುಕದಂತೆ ಇಟ್ಟ ಮಾಂಸದ ಮುಂದೆ ಸೋತ ನಾಯಿಗಳು ಮನುಷ್ಯನ ಮುಖ ನೋಡಿದವು. ಮನುಷ್ಯರ ಕೈಯಲ್ಲೇ ಬೆಳೆದ ತೋಳಗಳು ಹಾಗೆ ತಿರುಗಿ ನೋಡಿದ್ದು ತೀರ ವಿರಳ.

ಇಂಥ ಪ್ರಾಣಿಯನ್ನು ಕ್ರೂರಿಯೆಂದು ನಾನು ಕರೆಯಲಾರೆ. ಅದು ನಮ್ಮ ನೆರವನ್ನು ಬಯಸದು. ಅದಕ್ಕೆ ಬೇಕಾದುದು ಬಯಲು. ನೆರೆಯ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿದೆ. ಅದರಾಚೆಯ ಬಯಲೂ ಉಳಿಯಬೇಕು.