ರಷ್ಯದ ಪಿಯಾನೊ, ಮೈಸೂರಿನ ಕಿವಿ

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಕಳೆದರೆ ತೆಪ್ಪಕಾಡಿನಲ್ಲಿ ದಾರಿ ಎರಡಾಗುತ್ತದೆ. ಒಂದು ಮಸಿನಗುಡಿಯ ಕಡೆಗೆ, ಅಲ್ಲಿಂದ ಕಲ್ಲಟ್ಟಿಯ 36 ತಿರುವುಗಳ ಏರಿಗೆ, ಇನ್ನೊಂದು ಗೂಡಲೂರಿಗೆ. ಯಾವುದನ್ನು ಹಿಡಿದರೂ ಕೊನೆಗೆ ಸೇರುವುದು ಉದಕಮಂಡಲವನ್ನೇ. ಅಲ್ಲಿ ಮೈಸೂರು ಒಡೆಯರ ಬೇಸಿಗೆಯ ಮನೆ ಫರ್ನ್‌ಹಿಲ್ ಅರಮನೆ ಇದೆ. ಊಟಿಗೆ ಹೋದ ಕನ್ನಡಿಗರು ಕೆರೆ ನೋಡುತ್ತಾರೆ, ಸಸ್ಯೋದ್ಯಾನ ನೋಡುತ್ತಾರೆ, ಚಾಕೊಲೇಟು ಕೊಂಡು ಇಳಿಯುತ್ತಾರೆ. ಆ ಅರಮನೆಯ ಒಡೆಯರಲ್ಲೊಬ್ಬರು ಗ್ರಾಮಫೋನ್ ಪ್ಲೇಟುಗಳ ಮೋಹದಿಂದ ಜಗತ್ತಿನ ಸಂಗೀತ ಚರಿತ್ರೆಯ ಒಂದು ಪುಟವನ್ನೇ ಬರೆಸಿದರು ಎಂಬುದು ಎಷ್ಟು ಜನಕ್ಕೆ ಗೊತ್ತು?

ಅವರು ಜಯಚಾಮರಾಜೇಂದ್ರ ಒಡೆಯರ್. ಹುಟ್ಟಿದ್ದು 1919ರ ಜುಲೈ 18ರಂದು. ನಮ್ಮಲ್ಲಿ ಅವರನ್ನು ನೆನೆಯುವುದು ಮೈಸೂರಿನ ಕೊನೆಯ ಮಹಾರಾಜರೆಂದು, ತತ್ತ್ವಶಾಸ್ತ್ರದ ವಿದ್ವಾಂಸರೆಂದು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು. ಗಂಭೀರನಾಟದ ‘ಶ್ರೀ ಜಾಲಂಧರ’ ಕೇಳದ ಕರ್ನಾಟಕ ಸಂಗೀತದ ರಸಿಕರು ಯಾರಿದ್ದಾರೆ? ಆದರೆ ಇದೇ ಮನುಷ್ಯ ಎಳೆಯ ವಯಸ್ಸಿನಲ್ಲಿ ಕನಸು ಕಂಡದ್ದು ವೇದಿಕೆಯ ಮೇಲೆ ಪಿಯಾನೊ ನುಡಿಸುವ ಕಲಾವಿದನಾಗಬೇಕೆಂದು! 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಅದೇ ವರ್ಷ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಇಪ್ಪತ್ತೊಂದರ ಹುಡುಗನ ತಲೆಯ ಮೇಲೆ ಕಿರೀಟ ಬಂತು. ಪಿಯಾನೊ ವೇದಿಕೆ ತಪ್ಪಿತು; ಪಿಯಾನೊ ಮಾತ್ರ ತಪ್ಪಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋಶಿಪ್ಪೂ ಅವರಿಗೆ ಸಂದವು. ಒಂದು ಕೈ ವೀಣೆಯ ಮೇಲೆ, ಇನ್ನೊಂದು ಕೈ ಪಿಯಾನೊದ ಮೇಲೆ!

ಇನ್ನು ಪ್ಲೇಟುಗಳ ವಿಷಯ. ಲಂಡನ್ನಿನ ಎಚ್‌ಎಂವಿ–ಕೊಲಂಬಿಯಾ ಕಂಪನಿಯ ಹೆಸರಾಂತ ನಿರ್ಮಾಪಕ ವಾಲ್ಟರ್ ಲೆಗ್ ಮಹಾರಾಜರ ಆಹ್ವಾನದ ಮೇಲೆ ಮೈಸೂರಿಗೆ ಬಂದಿದ್ದ. ಯುರೋಪಿನ ದೊಡ್ಡ ದೊಡ್ಡ ಗಾಯಕರನ್ನೂ ವಾದಕರನ್ನೂ ಮೈಕಿನ ಮುಂದೆ ನಿಲ್ಲಿಸಿದ ಈ ಮನುಷ್ಯ ಸುಲಭಕ್ಕೆ ಬೆರಗಾಗುವವನಲ್ಲ. ಅಂಥವನೇ ಮೈಸೂರಿನ ಒಂದು ಅರಮನೆಯಲ್ಲಿ ಕಂಡದ್ದನ್ನು ಕಣ್ಣರಳಿಸಿ ಬರೆದಿಟ್ಟಿದ್ದಾನೆ. ಗಂಭೀರ ಸಂಗೀತದಲ್ಲಿ ಊಹಿಸಬಹುದಾದ ಪ್ರತಿಯೊಂದು ಮುದ್ರಣವೂ ಅಲ್ಲಿತ್ತಂತೆ. ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳು, ಹಲವು ಭಾರೀ ಪಿಯಾನೊಗಳು. ಒಡೆಯನಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ!

ಇಷ್ಟೇ ಆಗಿದ್ದರೆ ಇದೊಂದು ಶ್ರೀಮಂತ ಹವ್ಯಾಸದ ಕಥೆಯಾಗಿ ಮುಗಿಯುತ್ತಿತ್ತು. ನಿಜವಾದ ವಿಸ್ಮಯ ಇರುವುದು ಮುಂದೆ.

ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರನಿದ್ದ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಕ್ರಾಂತಿಯ ನಂತರ ತಾಯ್ನಾಡು ಬಿಟ್ಟು, ಊರೂರು ಅಲೆದು, 1930ರ ದಶಕದಲ್ಲಿ ಲಂಡನ್ನಿಗೆ ಬಂದು ನೆಲೆಸಿದ. ನಮ್ಮ ಕಾಲದ ಅತಿ ದೊಡ್ಡ ರಚನಕಾರ ನೀನೇ ಎಂದು ಅವನಿಗೆ ಹೇಳಿದ್ದು ಬೇರೆ ಯಾರೂ ಅಲ್ಲ, ರಷ್ಯದ ಹೆಸರಾಂತ ರಚನಕಾರ ರಾಖ್ಮಾನಿನಫ್! ಆದರೂ ಮೆಟ್ನರ್‌ನ ಸಂಗೀತ ಕೇಳುವವರು ಕಡಿಮೆ, ಮುದ್ರಿಸುವವರು ಇನ್ನೂ ಕಡಿಮೆ. ಯುದ್ಧ ಬಂತು. ಲಂಡನ್ನಿನ ಮೇಲೆ ಬಾಂಬು ಬಿದ್ದವು. ಶಿಷ್ಯೆಯೊಬ್ಬಳ ಆಸರೆಯಲ್ಲಿ ಹಳ್ಳಿಗೆ ಹೋಗಿ ಕುಳಿತ. 1942ರಲ್ಲಿ ಹೃದಯಾಘಾತವಾಯಿತು. ಅದರಿಂದ ಎದ್ದು, ವಾದ್ಯವೃಂದದೊಡನೆ ನುಡಿಸುವ ಮೂರನೆಯ ಪಿಯಾನೊ ಕಾನ್ಸರ್ಟೊ ಬರೆದು ಮುಗಿಸಿದ. 1944ರ ಫೆಬ್ರವರಿಯಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ತಾನೇ ಪಿಯಾನೊ ಮುಂದೆ ಕುಳಿತು ಅದನ್ನು ನುಡಿಸಿದ. ಆದರೆ ನುಡಿಸಿದ್ದು ಗಾಳಿಗೆ ಹೋಗುತ್ತದೆ. ಪ್ಲೇಟಿಗೆ ಇಳಿಸುವವರು ಯಾರು?

ಉತ್ತರ ಬಂದದ್ದು ಚಾಮುಂಡಿ ಬೆಟ್ಟದ ಬುಡದಿಂದ. ತಾನು ಯಾವತ್ತೂ ಕಾಣದ ಈ ವೃದ್ಧನ ಸಂಗೀತವನ್ನೆಲ್ಲ ಅವನ ಕೈಯಿಂದಲೇ ನುಡಿಸಿ ಮುದ್ರಿಸಬೇಕು, ಖರ್ಚು ನನ್ನದು ಎಂದು ಮೈಸೂರಿನ ಮಹಾರಾಜರು ಹೇಳಿ ಕಳುಹಿಸಿದರು. ಹೀಗೆ ಹುಟ್ಟಿದ್ದು ‘ಮೆಟ್ನರ್ ಸೊಸೈಟಿ’. 1947ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೆಟ್ನರ್ ತನ್ನ ಮೂರೂ ಕಾನ್ಸರ್ಟೊಗಳನ್ನು ಧ್ವನಿಮುದ್ರಿಸಿದ. ಹೃದ್ರೋಗಿ, ಅರವತ್ತೇಳರ ವಯಸ್ಸು, ಆದರೂ ಬೆರಳುಗಳಲ್ಲಿ ಬೆಂಕಿ! ಆಮೇಲೆ ಬಿಡಿ ಪಿಯಾನೊ ರಚನೆಗಳು ಬಂದವು, ಐದು ವಾದ್ಯಗಳ ಕ್ವಿಂಟೆಟ್ ಬಂತು, ಎಲಿಸಬೆತ್ ಶ್ವಾರ್ಟ್ಸ್‌ಕಾಫ್‌ಳಂಥ ಗಾಯಕಿಯ ಕಂಠದಲ್ಲಿ ಹಾಡುಗಳು ಬಂದವು. ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಕೃತಜ್ಞತೆಯಿಂದ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. 1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ನಾಲ್ಕೈದು ವರ್ಷ ತಡವಾಗಿದ್ದರೆ ಆ ಬೆರಳುಗಳ ದೊಡ್ಡ ನಾದ ನಮಗೆ ಸಿಗುತ್ತಲೇ ಇರಲಿಲ್ಲ.

ಆ ಪ್ಲೇಟುಗಳಿಂದ ಇಳಿಸಿದ ಮುದ್ರಣವನ್ನು ಈಗ ಯಾರು ಬೇಕಾದರೂ ಕೇಳಬಹುದು. ನಾನು ಕೇಳಿದಾಗ ಮೊದಲು ಬಂದದ್ದು ಮುಳ್ಳಿನ ಗರಗರ. ಆಮೇಲೆ ವಾದ್ಯವೃಂದದ ಅಲೆ, ಅದರೊಳಗಿಂದ ಮೆಲ್ಲಗೆ ಮೇಲೇಳುವ ಪಿಯಾನೊ. ಎಲ್ಲಿಯ ಮಾಸ್ಕೋ, ಎಲ್ಲಿಯ ಮೈಸೂರು! ಮೈ ಜುಮ್ಮೆಂದಿತು.

ಆ ಪ್ಲೇಟುಗಳೇ ಒಂದು ಅದ್ಭುತ. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ನಾಲ್ಕೂವರೆ ನಿಮಿಷದಷ್ಟು ಸಂಗೀತ. ಅರ್ಧ ಗಂಟೆ ಮೀರುವ ಕಾನ್ಸರ್ಟೊ ಒಂದಕ್ಕೆ ಮಗ್ಗುಲು ಎಂಟಾದರೂ ಬೇಕು. ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸು, ಉಸಿರು ಬಿಡು, ಮತ್ತೆ ಅದೇ ಬಿಸಿಯಲ್ಲಿ ಹಿಡಿ! ಕೇಳುಗನಿಗೂ ಬಿಡುವಿಲ್ಲ, ಎದ್ದು ತಟ್ಟೆ ಮಗುಚಬೇಕು, ಮುಳ್ಳು ಬದಲಿಸಬೇಕು. ಮೆಟ್ನರ್ ಸೊಸೈಟಿಯ ಮೊದಲ ಸಂಪುಟ ಹೊರಬಂದದ್ದು 1948ರಲ್ಲಿ. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ಸುತ್ತಿನ ವಿನೈಲ್ ಎಲ್‌ಪಿಯನ್ನು ಜಗತ್ತಿನ ಮುಂದಿಟ್ಟಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು! ಒಂದು ಯುಗ ಮುಗಿಯುವ, ಇನ್ನೊಂದು ತೆರೆಯುವ ಹೊಸ್ತಿಲಲ್ಲೇ ಮೈಸೂರಿನ ಹಣದ ಆ ಪ್ಲೇಟುಗಳು ನಿಂತಿವೆ.

ಹಳೆಯ 78ರ ತಟ್ಟೆ ಯಾವುದರಿಂದ ಆಗಿತ್ತು ಎಂದು ತಿಳಿದರೆ ಇನ್ನೂ ಸೋಜಿಗ. ಅದರ ಅಂಟು ಅರಗಿನದು! ಮುತ್ತುಗ, ಬೋರೆ ಮರಗಳ ಕೊಂಬೆಗೆ ಕಚ್ಚಿಕೊಂಡು ಬದುಕುವ ಪುಟ್ಟ ಕೀಟ ಒಸರುವ ರಾಳ. ಜಗತ್ತಿಗೆ ಅರಗು ಹೋಗುತ್ತಿದ್ದದ್ದು ಬಹುಪಾಲು ಭಾರತದ ಕಾಡುಗಳಿಂದ. ಬೀಥೊವನ್ ಆಗಲಿ, ಗಾಯಕ ಕರುಸೊ ಆಗಲಿ, ಯುರೋಪಿನ ಮನೆಗಳಲ್ಲಿ ಹಾಡಿದ್ದು ನಮ್ಮ ಕಾಡಿನ ಹುಳುವಿನ ಋಣದಲ್ಲಿ! ಮೈಸೂರಿನಲ್ಲೇ 1937ರಲ್ಲಿ ನಾಲ್ವಡಿಯವರು ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭಿಸಿದ್ದರು. ಇಂದು ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಶಾಯಿ ಬರುವುದೂ ಆ ಕಾರ್ಖಾನೆಯಿಂದಲೇ.

ಮಹಾರಾಜರ ಕೊಡುಗೆ ಮೆಟ್ನರ್‌ಗೆ ನಿಲ್ಲಲಿಲ್ಲ. ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದ ಕಾಲೂರಿ ನಿಲ್ಲಲಿ ಎಂದು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು. ಅದರ ಸಂಗೀತ ಸಂಸ್ಥೆಯ ಮೊದಲ ಅಧ್ಯಕ್ಷರೂ ಅವರೇ. ನಿರ್ದೇಶಕ ಹರ್ಬರ್ಟ್ ಫಾನ್ ಕರಾಯನ್ ಇದೇ ವಾದ್ಯವೃಂದದೊಂದಿಗೆ ಬಾಲಾಕಿರೆಫ್‌ನ ಸಿಂಫನಿಯನ್ನೂ ರೂಸೆಲ್‌ನ ನಾಲ್ಕನೆಯ ಸಿಂಫನಿಯನ್ನೂ ಪ್ಲೇಟಿಗೆ ಇಳಿಸಿದ. ಮಾರುಕಟ್ಟೆ ಕೇಳದ, ಆದರೆ ಕೇಳಲೇಬೇಕಾದ ಸಂಗೀತ! ಸಿಗದ ಪ್ಲೇಟನ್ನು ಹುಡುಕುವ ಸಂಗ್ರಾಹಕರನ್ನು ನಾವು ಕಂಡಿದ್ದೇವೆ; ಸಿಗದ ಪ್ಲೇಟನ್ನು ಮಾಡಿಸಿಯೇ ಕೇಳಿದವರು ಇವರು.

ಇನ್ನೂ ಒಂದಿದೆ, ಎಲ್ಲಕ್ಕಿಂತ ರೋಮಾಂಚನದ್ದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ ಸಾಯುವ ಮುನ್ನ ಬರೆದ ‘ನಾಲ್ಕು ಕೊನೆಯ ಹಾಡುಗಳು’ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವಳು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶನ ಫುರ್ಟ್‌ವೆಂಗ್ಲರ್‌ನದು, ವಾದ್ಯವೃಂದ ಫಿಲ್ಹಾರ್ಮೋನಿಯಾ. ಕಛೇರಿಯ ಖರ್ಚಿಗೆ ಹೊಣೆ ನಿಂತವರು ನಮ್ಮ ಮಹಾರಾಜರು. ಹೋಗಿ ಕೇಳಲು ಅವರಿಗೆ ಆಗಲಿಲ್ಲ. ಅದಕ್ಕೆ ಅವರಿಗಾಗಿಯೇ ಕಛೇರಿಯನ್ನು ತಟ್ಟೆಗೆ ಕೊರೆದು ಮೈಸೂರಿಗೆ ಕಳುಹಿಸಿದರು! ಇಂದು ಆ ಪ್ರಥಮ ಪ್ರಯೋಗದ ದನಿ ಉಳಿದಿರುವುದು ಆ ಮುದ್ರಣದಿಂದಲೇ. ಸದ್ದು ಸವೆದಿದೆ, ಗರಗರ ಬಹಳ. ಆದರೂ ಆ ರಾತ್ರಿ ಇದೆ. ದೂರದೂರಿನ ಒಬ್ಬ ರಸಿಕ ನನಗೂ ಕೇಳಬೇಕು ಎಂದದ್ದಕ್ಕೆ ಇದೆ.

ನೀಲಗಿರಿಗೂ ಪ್ಲೇಟಿಗೂ ನಂಟು ಇದಕ್ಕಿಂತ ಹಳೆಯದು. ಭಾರತದ ಭಾಷಾ ಸಮೀಕ್ಷೆ ನಡೆಸಿದ ಜಾರ್ಜ್ ಗ್ರಿಯರ್ಸನ್ ಅಚ್ಚಿನ ಸಂಪುಟಗಳಿಂದ ಮದ್ರಾಸ್ ಪ್ರಾಂತ್ಯವನ್ನು ಹೊರಗಿಟ್ಟಿದ್ದ. ಆದರೆ ಸಮೀಕ್ಷೆಗೆ ಜೋಡಿಯಾಗಿ 1913ರಿಂದ 1929ರವರೆಗೆ ನಡೆದ ಗ್ರಾಮಫೋನ್ ಮುದ್ರಣದಲ್ಲಿ ದಕ್ಷಿಣದ ನುಡಿಗಳೂ ಸೇರಿದವು. ಬೆಟ್ಟದ ಬಡಗ, ತೋಡ ದನಿಗಳೂ ಸೇರಿದವು! ಬಹುಪಾಲು ಭಾಷೆಯವರಿಂದ ಹೇಳಿಸುತ್ತಿದ್ದದ್ದು ಮನೆ ಬಿಟ್ಟು ಹೋಗಿ ಮರಳಿ ಬಂದ ಮಗನ ಬೈಬಲ್ ಕಥೆ. ಈ ಮುದ್ರಣಗಳನ್ನು ಷಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಬಡಗ ಮಾತು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ನೆಂಟಸ್ತಿಕೆ ತಿಳಿಯುತ್ತದೆ. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆಂದು ಬಡಗರು ಹೇಳಿಕೊಂಡು ಬಂದವರೇ. ನೂರು ವರ್ಷದ ಹಿಂದಿನ ಆ ನುಡಿ ಉಳಿದಿರುವುದು ಅರಗಿನ ಗೆರೆಗಳಲ್ಲಿ.

ಭಾರತದ ಪ್ಲೇಟಿನ ಕಥೆಯ ಆರಂಭವೂ ಮೈಸೂರಿಗೇ ಬಂದು ಸೇರುತ್ತದೆ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್‌ನ ಎದುರು ಹಾಡಿದ ಗೌಹರ್ ಜಾನ್, ರಾಗವೊಂದನ್ನು ಮೂರು ನಿಮಿಷದಲ್ಲಿ ಮುಗಿಸುವ ಬೆರಗಿನ ಕಲೆಯನ್ನು ಕಲಿಸಿದವಳು. ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ! ಆಕೆ 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣು ಮುಚ್ಚಿದಳು.

ಪ್ಲೇಟುಗಳ ಕಪಾಟು ಜಾತಿ ಕೇಳುವುದಿಲ್ಲ. ಪಿಟೀಲು ಚೌಡಯ್ಯನವರ ಪಕ್ಕದಲ್ಲೇ ಡೇವ್ ಬ್ರೂಬೆಕ್ ಕೂರಬಹುದು. ಈ ಜಾಝ್ ಪಿಯಾನೊ ವಾದಕ 1958ರಲ್ಲಿ ಮದ್ರಾಸಿಗೆ ಬಂದು ಮೃದಂಗದ ಪಳನಿ ಸುಬ್ರಮಣ್ಯ ಪಿಳ್ಳೆಯವರೊಂದಿಗೆ ಲಯ ಹಂಚಿಕೊಂಡ. ಆ ಪಯಣದ ನೆನಪಿಗೆ ಅದೇ ವರ್ಷ ಎಲ್‌ಪಿಯನ್ನೇ ತಂದ. ಅದರ ಪಕ್ಕ 45 ಸುತ್ತಿನ ಪುಟ್ಟ ಇಪಿಗಳು: ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರರ ಚಿತ್ರಗೀತೆಗಳು, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಕಂಠ. ಏಳು ಅಂಗುಲದ ಒಂದು ತಟ್ಟೆಯಲ್ಲಿ ನಾಲ್ಕು ಹಾಡು, ಒಂದು ಸಂಜೆಯ ಸುಖ! ಮೂರನ್ನೂ ಬಿಟ್ಟುಕೊಡದ ಕಿವಿ ಇದ್ದರೆ ಸಂಗ್ರಹಕ್ಕೆ ಅರಮನೆ ಬೇಕಿಲ್ಲ.

ಮತ್ತೆ ಅರಮನೆಯ ಕಥೆಗೇ ಬಂದರೆ, ಜಯಚಾಮರಾಜೇಂದ್ರರು ಮುಂದೆ ಮೈಸೂರಿನ ರಾಜ್ಯಪಾಲರಾದರು. ಆಮೇಲೆ 1964ರಿಂದ 1966ರವರೆಗೆ ಮದ್ರಾಸಿನ ರಾಜ್ಯಪಾಲರಾದರು. ಆ ಹುದ್ದೆಯ ಬೇಸಿಗೆ ರಾಜಭವನ ಇರುವುದೂ ಉದಕಮಂಡಲದಲ್ಲೇ. 1974ರಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 55. ಅದೇ ವರ್ಷ ತಂಗಿ ವಿಜಯಾದೇವಿಯವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ಅವರೂ ಪಿಯಾನೊ ವಾದಕಿ.

ಈ ಎಲ್ಲದರಿಂದ ನನಗೆ ಸ್ಪಷ್ಟವಾದ ಮಾತು ಒಂದೇ. ಸಂಗೀತವನ್ನು ಉಳಿಸುವವನು ಹಾಡುವವನೊಬ್ಬನೇ ಅಲ್ಲ, ಕೇಳುವವನೂ ಹೌದು. ಕೇಳುಗನ ಹಸಿವು ಇಲ್ಲದಿದ್ದರೆ ಮೆಟ್ನರ್‌ನ ಬೆರಳು ಇಲ್ಲ, ಫ್ಲಾಗ್‌ಸ್ಟಾಡ್‌ಳ ಆ ರಾತ್ರಿ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿಡಿ, ಬಿಸಿಲು ತಾಗದಿರಲಿ. ಗೂಡಲೂರು, ಮಡಿಕೇರಿ, ಮಲೆನಾಡಿನಂಥ ಮಳೆಯ ಸೀಮೆಯಲ್ಲಿ ಬೂಷ್ಟು ಹಿಡಿಯದಂತೆ ಗಾಳಿಯಾಡಲಿ. 78ರ ತಟ್ಟೆಗೆ ಸ್ಪಿರಿಟ್ ತಾಗಿಸಲೇಬೇಡಿ, ಅರಗು ಕರಗುತ್ತದೆ; ಅದಕ್ಕೆ ಎಲ್‌ಪಿಯ ಸಣ್ಣ ಮುಳ್ಳೂ ಆಗದು, ಅಗಲ ಮುಳ್ಳೇ ಬೇಕು. ಲೇಬಲ್ಲಿನ ಮೇಲಿನ ಹೆಸರು, ರಾಗ, ನಂಬರು ಬರೆದಿಟ್ಟುಕೊಳ್ಳಿ. ಇಟ್ಟುಕೊಳ್ಳಲು ಆಗದಿದ್ದರೆ ಬೆಂಗಳೂರಿನ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್‌ನಂಥ, ಹಳೆಯ ಪ್ಲೇಟುಗಳನ್ನು ಡಿಜಿಟಲ್‌ಗೆ ಇಳಿಸುವ ಸಂಸ್ಥೆಯನ್ನು ವಿಚಾರಿಸಿ. ಎಲ್ಲಕ್ಕಿಂತ ಮೊದಲು, ಒಂದು ಸಂಜೆ ಬಿಡುವು ಮಾಡಿಕೊಂಡು ಅವುಗಳನ್ನು ಕೇಳಿ.