ಕ್ಲಾರ್ಕ್ ಮೇಲಾ, ರೀಸ್ ಮೇಲಾ? ಇಬ್ಬರು ರೂಕಿಗಳನ್ನ ಹೋಲಿಸೋದು ಹೇಗೆ

ಇವತ್ತು ಬ್ಯಾಸ್ಕೆಟ್‌ಬಾಲ್ ಮಾತಾಡೋಣ.

ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗ್ ಡಬ್ಲ್ಯೂಎನ್‌ಬಿಎ. ಅಲ್ಲಿ 2024ರ 'ವರ್ಷದ ರೂಕಿ' ಪ್ರಶಸ್ತಿಗೆ ವೋಟ್ ಹಾಕಿದ್ದು 67 ಜನ ಕ್ರೀಡಾ ಪತ್ರಕರ್ತರು ಮತ್ತು ಪ್ರಸಾರಕರು. ಅದರಲ್ಲಿ 66 ವೋಟ್ ಇಂಡಿಯಾನಾ ಫೀವರ್ ತಂಡದ ಕೇಟ್ಲಿನ್ ಕ್ಲಾರ್ಕ್‌ಗೆ. ಉಳಿದ ಒಂದೇ ಒಂದು ವೋಟ್ ಶಿಕಾಗೋ ಸ್ಕೈ ತಂಡದ ಏಂಜೆಲ್ ರೀಸ್‌ಗೆ.

66-1 ಅಂದ್ರೆ ವಾದಕ್ಕೆ ಜಾಗವೇ ಇಲ್ಲ ಅನ್ಸುತ್ತೆ, ಅಲ್ವಾ? ಆದ್ರೆ ಆ ಸೀಸನ್‌ನ ದಾಖಲೆ ಪಟ್ಟಿ ನೋಡಿದ್ರೆ ಇಬ್ಬರ ಹೆಸರೂ ಇದೆ. ಇಬ್ಬರೂ ಲೀಗ್‌ನ ಇತಿಹಾಸದಲ್ಲಿ ಯಾರೂ ಮಾಡದೇ ಇದ್ದದ್ದನ್ನ ಮಾಡಿದ್ರು. ಹಾಗಾದ್ರೆ ಹೊಸ ಆಟಗಾರರನ್ನ ಹೋಲಿಸುವಾಗ ಯಾವ ನಂಬರ್ ನೋಡ್ಬೇಕು, ಯಾವ ನಂಬರ್ ನಮ್ಮನ್ನ ದಾರಿ ತಪ್ಪಿಸುತ್ತೆ? ಇವತ್ತಿನ ಎಪಿಸೋಡ್ ಅದರ ಬಗ್ಗೆ.

ಮೊದಲು, ಇವರು ಯಾರು?

ರೂಕಿ ಅಂದ್ರೆ ಲೀಗ್‌ನಲ್ಲಿ ಮೊದಲ ಸೀಸನ್ ಆಡ್ತಿರೋ ಆಟಗಾರ್ತಿ. ಪ್ರತಿ ವರ್ಷ ಡ್ರಾಫ್ಟ್ ನಡೆಯುತ್ತೆ, ತಂಡಗಳು ಸರದಿ ಪ್ರಕಾರ ಹೊಸಬರನ್ನ ಆರಿಸ್ತಾವೆ. 2024ರ ಏಪ್ರಿಲ್‌ನಲ್ಲಿ ನಡೆದ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಕ್ಲಾರ್ಕ್, ಏಳನೇ ಆಯ್ಕೆ ರೀಸ್.

ಆದ್ರೆ ಇವರಿಬ್ಬರ ಕಥೆ ಅದಕ್ಕೂ ಮೊದಲೇ ಶುರುವಾಗಿತ್ತು. 2023ರ ಕಾಲೇಜು ಫೈನಲ್‌ನಲ್ಲಿ ರೀಸ್ ಅವರ ಎಲ್‌ಎಸ್‌ಯು ತಂಡ, ಕ್ಲಾರ್ಕ್ ಅವರ ಅಯೋವಾ ತಂಡವನ್ನ 102-85ರಿಂದ ಸೋಲಿಸಿತು. ಮುಂದಿನ ವರ್ಷ ಮತ್ತೆ ಎದುರಾದಾಗ ಅಯೋವಾ 94-87ರಿಂದ ಗೆದ್ದಿತು. ಆ ದಿನ ಕ್ಲಾರ್ಕ್ ಒಬ್ಬರೇ 41 ಪಾಯಿಂಟ್ ಹೊಡೆದಿದ್ರು. ಅಂದ್ರೆ ಪ್ರೊಫೆಷನಲ್ ಲೀಗ್‌ಗೆ ಕಾಲಿಡೋ ಹೊತ್ತಿಗೆ ಇಬ್ಬರಿಗೂ ಅವರವರ ಅಭಿಮಾನಿ ಬಳಗ ರೆಡಿ ಇತ್ತು, ಜಗಳವೂ ರೆಡಿ ಇತ್ತು.

ಇಬ್ಬರ ರಿಪೋರ್ಟ್ ಕಾರ್ಡ್

ಕ್ಲಾರ್ಕ್ ಗಾರ್ಡ್. ಚೆಂಡು ತಂದು, ಆಟ ಕಟ್ಟಿ, ಬೇರೆಯವರಿಗೆ ಪಾಸ್ ಕೊಡೋದು ಅವರ ಕೆಲಸ. ದೂರದಿಂದ ಮೂರು ಪಾಯಿಂಟ್ ಶಾಟ್ ಹೊಡೆಯೋದೂ ಅವರದ್ದೇ. ಎಲ್ಲಾ 40 ಪಂದ್ಯ ಆಡಿದ್ರು. ಸರಾಸರಿ 19.2 ಪಾಯಿಂಟ್, 8.4 ಅಸಿಸ್ಟ್, 5.7 ರೀಬೌಂಡ್. ಅಸಿಸ್ಟ್ ಅಂದ್ರೆ ನೀವು ಕೊಟ್ಟ ಪಾಸ್‌ನಿಂದ ನೇರವಾಗಿ ಬಂದ ಬಾಸ್ಕೆಟ್. ಇಡೀ ಸೀಸನ್‌ನಲ್ಲಿ 337 ಅಸಿಸ್ಟ್, ಇದು ಆಗ ಲೀಗ್ ದಾಖಲೆ ಆಗಿತ್ತು. ಒಂದೇ ಪಂದ್ಯದಲ್ಲಿ 19 ಅಸಿಸ್ಟ್, ಅದೂ ದಾಖಲೆ. 122 ತ್ರೀ-ಪಾಯಿಂಟರ್ ಹೊಡೆದು ರೂಕಿಗಳ ದಾಖಲೆ ಮುರಿದ್ರು. ಟ್ರಿಪಲ್-ಡಬಲ್, ಅಂದ್ರೆ ಒಂದೇ ಪಂದ್ಯದಲ್ಲಿ ಮೂರು ವಿಭಾಗದಲ್ಲಿ ಎರಡಂಕಿ ಮುಟ್ಟಿದ ಮೊದಲ ರೂಕಿ ಕೂಡ ಇವರೇ.

ರೀಸ್ ಫಾರ್ವರ್ಡ್. ಬಾಸ್ಕೆಟ್ ಕೆಳಗೆ ನಿಂತು, ತಳ್ಳಾಟದ ಮಧ್ಯೆ ಚೆಂಡು ಹಿಡಿಯೋದು ಅವರ ಕೆಲಸ. ಸರಾಸರಿ 13.6 ಪಾಯಿಂಟ್, 13.1 ರೀಬೌಂಡ್. ಪಂದ್ಯಕ್ಕೆ 13.1 ರೀಬೌಂಡ್ ಅನ್ನೋದು ರೂಕಿಗಳ ದಾಖಲೆ ಮಾತ್ರ ಅಲ್ಲ, ಲೀಗ್‌ನ ಆವರೆಗಿನ ಇತಿಹಾಸದಲ್ಲೇ ಅತಿ ಹೆಚ್ಚು. ಸತತ 15 ಪಂದ್ಯಗಳಲ್ಲಿ ಡಬಲ್-ಡಬಲ್, ಅಂದ್ರೆ ಪಾಯಿಂಟ್ ಮತ್ತು ರೀಬೌಂಡ್ ಎರಡೂ ಹತ್ತು ಮುಟ್ಟಿದ್ದು. ಒಟ್ಟು 26 ಡಬಲ್-ಡಬಲ್. ಸೆಪ್ಟೆಂಬರ್‌ನಲ್ಲಿ ಮಣಿಕಟ್ಟಿಗೆ ಪೆಟ್ಟಾಗಿ ಸೀಸನ್ 34 ಪಂದ್ಯಕ್ಕೇ ಮುಗೀತು.

ಈಗ ಇವನ್ನ ಹೋಲಿಸೋಕೆ ಹೊರಟ್ರೆ ಎಲ್ಲೆಲ್ಲಿ ಎಡವುತ್ತೀವಿ ನೋಡೋಣ.

ಒಂದು: 'ಒಟ್ಟು' ಮತ್ತು 'ಸರಾಸರಿ'

ರೂಕಿಯಾಗಿ ಒಂದು ಸೀಸನ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ ಗಳಿಸಿದ ದಾಖಲೆ ಕ್ಲಾರ್ಕ್ ಹೆಸರಿಗೆ ಬಂತು, 769. ಅವರು ಮುರಿದಿದ್ದು 2006ರಲ್ಲಿ ಸೀಮೋನ್ ಆಗಸ್ಟಸ್ ಬರೆದಿದ್ದ 744ರ ದಾಖಲೆ. ಆದ್ರೆ ಆಗ ಸೀಸನ್ ಇದ್ದದ್ದು 34 ಪಂದ್ಯ. ಭಾಗಿಸಿ ನೋಡಿ: ಆಗಸ್ಟಸ್ ಪಂದ್ಯಕ್ಕೆ 21.9, ಕ್ಲಾರ್ಕ್ 19.2. ದಾಖಲೆ ಮುರಿದಿದ್ದು ನಿಜ, ಆದ್ರೆ ಆರು ಪಂದ್ಯ ಜಾಸ್ತಿ ಸಿಕ್ಕಿತ್ತು ಅನ್ನೋದೂ ನಿಜ.

ರೀಸ್ ವಿಷಯದಲ್ಲಿ ಇದೇ ಲೆಕ್ಕ ಉಲ್ಟಾ ಆಗುತ್ತೆ. 2018ರಲ್ಲಿ ಸಿಲ್ವಿಯಾ ಫೌಲ್ಸ್ ಬರೆದಿದ್ದ 404 ರೀಬೌಂಡ್ ದಾಖಲೆಯನ್ನ ರೀಸ್ ಮುರಿದು 446ಕ್ಕೆ ನಿಂತ್ರು. ಅಷ್ಟರಲ್ಲಿ ಗಾಯ. ಅದೇ ಸೀಸನ್‌ನ ಕೊನೆಯಲ್ಲಿ ಲಾಸ್ ವೇಗಸ್ ಏಸಸ್‌ನ ಏಜಾ ವಿಲ್ಸನ್ 451 ಮುಟ್ಟಿ 'ಒಟ್ಟು' ದಾಖಲೆ ತಗೊಂಡ್ರು. ಆದ್ರೆ ವಿಲ್ಸನ್ ಆಡಿದ್ದು 38 ಪಂದ್ಯ. ರೀಸ್ ಆಡಿದ್ದು, ಫೌಲ್ಸ್ ಆಡಿದ್ದು ಇಬ್ಬರೂ 34. ಹಾಗಾಗಿ ಸರಾಸರಿಯಲ್ಲಿ ರೀಸ್‌ಗೆ ಅವರಿಬ್ಬರೂ ಹತ್ತಿರ ಬರಲ್ಲ.

ಕ್ರಿಕೆಟ್ ನೋಡೋರಿಗೆ ಇದು ಹೊಸದಲ್ಲ. ಒಟ್ಟು ರನ್ ಲೆಕ್ಕದಲ್ಲಿ ಆರೆಂಜ್ ಕ್ಯಾಪ್ ಒಬ್ಬರಿಗೆ ಹೋಗುತ್ತೆ, ಆದ್ರೆ ಎಷ್ಟು ಇನಿಂಗ್ಸ್ ಸಿಕ್ತು ಅಂತ ಕೇಳದೇ ಇದ್ರೆ ಕಥೆ ಅರ್ಧ.

ಎರಡು: ಕೆಲಸದ ಜೊತೆಗೇ ಬರೋ ತಪ್ಪು

ಕ್ಲಾರ್ಕ್ ಇಷ್ಟವಿಲ್ಲದವರು ತೋರಿಸೋ ನಂಬರ್ ಒಂದಿದೆ: 223 ಟರ್ನೋವರ್. ಅಂದ್ರೆ ಶಾಟ್ ಹೊಡೆಯೋ ಮೊದಲೇ ಚೆಂಡು ಎದುರಾಳಿ ಪಾಲಾಗಿದ್ದು. ಪಂದ್ಯಕ್ಕೆ 5.6. ಇದೂ ಒಂದು ಸೀಸನ್‌ನ ದಾಖಲೆ, ಆದ್ರೆ ಯಾರಿಗೂ ಬೇಡವಾದ ದಾಖಲೆ.

ರೀಸ್ ಇಷ್ಟವಿಲ್ಲದವರು ತೋರಿಸೋದು ಇನ್ನೊಂದು: ಅವರ ಶೂಟಿಂಗ್ 39.1 ಪರ್ಸೆಂಟ್. ಬಾಸ್ಕೆಟ್ ಪಕ್ಕದಲ್ಲೇ ನಿಂತು ಶಾಟ್ ಹೊಡೆಯೋರಿಗೆ ಇದು ನಿಜಕ್ಕೂ ಕಮ್ಮಿ. ಹೆಚ್ಚಾಗಿ ದೂರದಿಂದ ಹೊಡೆಯೋ ಕ್ಲಾರ್ಕ್ ಅವರದ್ದೇ 41.7 ಇತ್ತು. ಮಿಸ್ ಆದ ತನ್ನದೇ ಶಾಟ್ ಹಿಡಿದು ರೀಸ್ ರೀಬೌಂಡ್ ಜಾಸ್ತಿ ಮಾಡ್ಕೋತಾರೆ ಅಂತ ಗೇಲಿಯೂ ನಡೀತು.

ಎರಡೂ ನಿಜವಾದ ದೌರ್ಬಲ್ಯ, ಮುಚ್ಚಿಡೋದು ಬೇಡ. ಆದ್ರೆ ಪೊಸೆಷನ್ ಲೆಕ್ಕದಲ್ಲಿ ನೋಡಿ. ಪೊಸೆಷನ್ ಅಂದ್ರೆ ಚೆಂಡು ನಿಮ್ಮ ತಂಡದ ಕೈಲಿರೋ ಒಂದು ಸರದಿ. ಟರ್ನೋವರ್ ಆದ್ರೆ ಒಂದು ಸರದಿ ಹೋಯ್ತು. ಮಿಸ್ ಆದ ಶಾಟ್‌ನ ನಿಮ್ಮವರೇ ಹಿಡಿದ್ರೆ ಒಂದು ಸರದಿ ಮತ್ತೆ ಸಿಕ್ತು. ಕ್ಲಾರ್ಕ್ ಪಂದ್ಯಕ್ಕೆ ಐದಾರು ಸರದಿ ಕಳ್ಕೊಂಡ್ರು. ರೀಸ್ ಎದುರಾಳಿ ಬಾಸ್ಕೆಟ್ ಕೆಳಗೆ ಪಂದ್ಯಕ್ಕೆ ಸುಮಾರು ಐದು ಸರದಿ ತಂಡಕ್ಕೆ ಉಳಿಸಿಕೊಟ್ರು. ತನ್ನದೇ ಮಿಸ್ ಆಗಲಿ, ಬೇರೆಯವರದ್ದಾಗಲಿ, ಉಳಿದ ಸರದಿ ತಂಡದ್ದೇ.

ಹಾಗಾದ್ರೆ ಕ್ಲಾರ್ಕ್‌ಗೆ 66 ವೋಟ್ ಯಾಕೆ ಬಿತ್ತು? ಉಳಿದ ಲೆಕ್ಕ ಹಾಕೋಣ. ಒಂದು ಅಸಿಸ್ಟ್‌ನಿಂದ ಕನಿಷ್ಠ 2 ಪಾಯಿಂಟ್. 8.4 ಅಸಿಸ್ಟ್ ಅಂದ್ರೆ ಹತ್ತಿರತ್ತಿರ 17 ಪಾಯಿಂಟ್. ಅದಕ್ಕೆ ಅವರೇ ಹೊಡೆದ 19.2 ಸೇರಿಸಿ. ಪಂದ್ಯಕ್ಕೆ 36 ಪಾಯಿಂಟ್‌ನಲ್ಲಿ ಅವರ ಕೈ ಇತ್ತು, ಕನಿಷ್ಠ. ಫೀವರ್ ತಂಡ ಇಡೀ ಪಂದ್ಯದಲ್ಲಿ ಗಳಿಸ್ತಿದ್ದದ್ದೇ ಸುಮಾರು 85. ಇಷ್ಟು ಹೊತ್ತು ಚೆಂಡು ಒಬ್ಬರ ಕೈಯಲ್ಲೇ ಇದ್ರೆ ಅದು ಜಾರೋದೂ ಅವರ ಕೈಯಿಂದಲೇ. ಟರ್ನೋವರ್‌ನ ಈ ಕೆಲಸದಿಂದ ಬೇರ್ಪಡಿಸಿ ಓದಿದ್ರೆ ಅರ್ಥ ಕೆಡುತ್ತೆ.

ಮೂರು: ತಂಡ ಗೆದ್ರೆ ಎಲ್ಲಾ ಇವರದ್ದೇನಾ?

ಫೀವರ್ 2023ರಲ್ಲಿ 13 ಗೆದ್ದು 27 ಸೋತಿತ್ತು. ಕ್ಲಾರ್ಕ್ ಬಂದ ವರ್ಷ 20-20, ಮತ್ತು 2016ರ ನಂತರ ಮೊದಲ ಸಲ ಪ್ಲೇಆಫ್. ಸ್ಕೈ 18-22ರಿಂದ 13-27ಕ್ಕೆ ಇಳೀತು. ಇಬ್ಬರು ಎದುರಾದ ನಾಲ್ಕು ಪಂದ್ಯದಲ್ಲಿ ಮೂರು ಫೀವರ್ ಗೆದ್ದಿತು.

ಇಷ್ಟಕ್ಕೇ ತೀರ್ಪು ಕೊಡೋದು ಸುಲಭ. ಆದ್ರೆ ಫೀವರ್‌ನಲ್ಲಿ ಹಿಂದಿನ ವರ್ಷದ ರೂಕಿ ಪ್ರಶಸ್ತಿ ಗೆದ್ದ ಅಲಿಯಾ ಬಾಸ್ಟನ್ ಇದ್ರು, ಅನುಭವಿ ಕೆಲ್ಸಿ ಮಿಚೆಲ್ ಇದ್ರು. ಕ್ಲಾರ್ಕ್ ಇದ್ದೂ ತಂಡ ಶುರುವಿನಲ್ಲಿ 1-8 ಆಗಿತ್ತು. ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಮಿಕ್ಕ 31 ಪಂದ್ಯದಲ್ಲಿ 19 ಗೆಲುವು ಬಂತು. ಸ್ಕೈ ಕಡೆ ನೋಡಿದ್ರೆ, ಸೀಸನ್‌ಗೆ ಮೊದಲೇ ಕಾಲಿಯಾ ಕಾಪರ್ ಫೀನಿಕ್ಸ್‌ಗೆ ಹೋದ್ರು, ಸೀಸನ್ ಮಧ್ಯದಲ್ಲಿ ಮರೀನಾ ಮೇಬ್ರಿ ಕನೆಕ್ಟಿಕಟ್‌ಗೆ ಹೋದ್ರು. ಖಾಲಿ ಆಗ್ತಿದ್ದ ಮನೆಗೆ ರೀಸ್ ಬಂದಿದ್ದು. ತಂಡದ ಸೋಲನ್ನ ಅವರೊಬ್ಬರ ತಲೆಗೆ ಕಟ್ಟೋದು ಸರಿಯಲ್ಲ.

ನಾಲ್ಕು: ರೂಕಿ ಅಂದ್ರೆ ಇಬ್ಬರೇನಾ?

ಈ ಗದ್ದಲದಲ್ಲಿ ತುಂಬಾ ಜನ ಗಮನಿಸದ ಒಂದು ಹೆಸರು ಲಿಯೋನಿ ಫೀಬಿಚ್, ಜರ್ಮನಿಯವರು. 2020ರಲ್ಲೇ ಡ್ರಾಫ್ಟ್ ಆಗಿದ್ರು, ಆದ್ರೆ ಯುರೋಪ್‌ನಲ್ಲಿ ಆಡ್ತಾ ಇದ್ದು 2024ರಲ್ಲಿ ನ್ಯೂಯಾರ್ಕ್ ಲಿಬರ್ಟಿಗೆ ಬಂದ್ರು. ಲೀಗ್‌ನಲ್ಲಿ ಮೊದಲ ಸೀಸನ್ ಆದ್ದರಿಂದ ಅವರೂ ರೂಕಿ. ಪಂದ್ಯಕ್ಕೆ ಹತ್ತು ಪಾಯಿಂಟ್ ಕೂಡ ಇಲ್ಲ. ಆದ್ರೆ ಪ್ಲೇಆಫ್‌ನಲ್ಲಿ ಅವರನ್ನ ಮೊದಲ ಐದರಲ್ಲಿ ಇಳಿಸಿದ ಲಿಬರ್ಟಿ ಆ ವರ್ಷ ಕಪ್ ಎತ್ತಿತು. ಐದು ಜನರ ಆಲ್-ರೂಕಿ ತಂಡದಲ್ಲಿ ಕ್ಲಾರ್ಕ್, ರೀಸ್ ಜೊತೆ ಫೀಬಿಚ್ ಹೆಸರೂ ಇತ್ತು. ಆಯ್ಕೆ ಮಾಡಿದವರು ನೋಡಿದ್ರು, ಟೈಮ್‌ಲೈನ್ ನೋಡಲಿಲ್ಲ.

ಹೋಲಿಕೆ ಜಗಳ ಆದಾಗ

ಇದನ್ನ ಬರೀ ಲೆಕ್ಕದ ಆಟ ಅಂದ್ಕೊಳ್ಳೋ ಹಾಗಿಲ್ಲ. ಕ್ಲಾರ್ಕ್ ಬಿಳಿ ವರ್ಣದವರು, ರೀಸ್ ಕಪ್ಪು ವರ್ಣದವರು. ಸೋಷಿಯಲ್ ಮೀಡಿಯಾದಲ್ಲಿ ಹೋಲಿಕೆ ಬೇಗನೇ ಆಟ ಬಿಟ್ಟು ಬಣ್ಣಕ್ಕೆ ತಿರುಗಿತು. ಆಟಗಾರ್ತಿಯರಿಗೆ ಜನಾಂಗೀಯ ನಿಂದನೆ, ಬೆದರಿಕೆ ಬರೋಕೆ ಶುರುವಾಯ್ತು. ತನ್ನ ಹೆಸರನ್ನ ದ್ವೇಷಕ್ಕೆ ಬಳಸೋದು ತಪ್ಪು ಅಂತ ಕ್ಲಾರ್ಕ್ ಅವರೇ ಜೂನ್‌ನಲ್ಲಿ ಹೇಳಬೇಕಾಯ್ತು. ಸೆಪ್ಟೆಂಬರ್‌ನಲ್ಲಿ ಲೀಗ್ ಕೂಡ ಖಂಡನಾ ಹೇಳಿಕೆ ಕೊಟ್ಟಿತು.

ಇಷ್ಟೆಲ್ಲಾ ನಡೀತಿದ್ದಾಗ ಇಬ್ಬರ ಸಂಬಳ ಎಷ್ಟು ಗೊತ್ತಾ? ಲೀಗ್‌ನಿಂದ ಆ ಸೀಸನ್‌ಗೆ ಕ್ಲಾರ್ಕ್‌ಗೆ 76,535 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 64 ಲಕ್ಷ ರೂಪಾಯಿ. ರೀಸ್‌ಗೆ 73,439 ಡಾಲರ್. ಅದರ ಹಿಂದಿನ ವರ್ಷ ಪುರುಷರ ಲೀಗ್ ಎನ್‌ಬಿಎಯಲ್ಲಿ ಮೊದಲ ಆಯ್ಕೆಯಾಗಿದ್ದ ವಿಕ್ಟರ್ ವೆಂಬನ್ಯಾಮಾಗೆ ಮೊದಲ ಸೀಸನ್‌ಗೆ ಸಿಕ್ಕಿದ್ದು 1.2 ಕೋಟಿ ಡಾಲರ್. ಜಾಹೀರಾತಿನ ದುಡ್ಡು ಬೇರೆ, ಅದು ಇಬ್ಬರಿಗೂ ಚೆನ್ನಾಗೇ ಬಂತು. ಆದ್ರೆ ಆಡೋ ಕೆಲಸಕ್ಕೆ ಸಿಕ್ಕ ಕೂಲಿ ಇಷ್ಟು.

ಯಾರು ಮೇಲು ಅಂತ ಅಭಿಮಾನಿಗಳು ಕಿತ್ತಾಡ್ತಿದ್ದ ಅದೇ ವರ್ಷ ತಂಡಗಳಿಗೆಲ್ಲ ಚಾರ್ಟರ್ ವಿಮಾನ ಬಂತು. 11 ವರ್ಷಕ್ಕೆ ಸುಮಾರು 220 ಕೋಟಿ ಡಾಲರ್‌ನ ಹೊಸ ಪ್ರಸಾರ ಒಪ್ಪಂದ ಆಯ್ತು. ಅಕ್ಟೋಬರ್‌ನಲ್ಲಿ ಆಟಗಾರ್ತಿಯರ ಸಂಘ ಹಳೇ ವೇತನ ಒಪ್ಪಂದದಿಂದ ಹೊರಬಂದು ಹೊಸ ಮಾತುಕತೆಗೆ ಕೂತಿತು. ಆ ಟೇಬಲ್‌ನಲ್ಲಿ ಕ್ಲಾರ್ಕ್ ಮತ್ತು ರೀಸ್ ಒಂದೇ ಕಡೆ.

ಕೊನೆಗೆ, ತೀರ್ಪು ಏನು?

66 ವೋಟ್ ಸರಿ ಅಂತಲೇ ನನ್ನ ಅಭಿಪ್ರಾಯ. ತಂಡದ ಆಟವನ್ನೇ ತನ್ನ ಸುತ್ತ ಕಟ್ಟಿಸಿಕೊಂಡು, ಬೇರೆಯವರ ಕೈಯಿಂದಲೂ ಪಾಯಿಂಟ್ ಬರೋ ಹಾಗೆ ಮಾಡೋದು ಹೊಸಬರಿಗೆ ಅತಿ ಕಷ್ಟದ ಕೆಲಸ. ಕ್ಲಾರ್ಕ್ ಮೊದಲ ವರ್ಷವೇ ಅದನ್ನ ಮಾಡಿ ಲೀಗ್‌ನ ಅತ್ಯುತ್ತಮ ಐವರ ತಂಡದಲ್ಲಿ ಜಾಗ ಪಡೆದ್ರು. 2008ರ ಕ್ಯಾಂಡೇಸ್ ಪಾರ್ಕರ್ ನಂತರ ಯಾವ ರೂಕಿಗೂ ಅದು ಸಿಕ್ಕಿರಲಿಲ್ಲ. ಆದ್ರೆ 66-1 ಅನ್ನೋದು ವೋಟ್‌ಗಳ ಅಂತರ, ಆಟದ ಅಂತರ ಅಷ್ಟಿರಲಿಲ್ಲ. ಬೇರೆ ಯಾವುದೇ ಸಾಧಾರಣ ವರ್ಷದಲ್ಲಿ ರೀಸ್ ಆಡಿದ ಸೀಸನ್‌ಗೆ ಈ ಪ್ರಶಸ್ತಿ ಸಿಕ್ಕಿದ್ರೂ ಯಾರೂ ಹುಬ್ಬೇರಿಸ್ತಿರಲಿಲ್ಲ.

ಮುಂದಿನ ಸಲ ಯಾವುದೇ ಲೀಗ್‌ನ ಇಬ್ಬರು ಹೊಸಬರ ಫೋಟೋ ಅಕ್ಕಪಕ್ಕ ಇಟ್ಟು, ಕೆಳಗೆ ನಾಲ್ಕು ನಂಬರ್ ಬರೆದ ಪೋಸ್ಟ್ ನಿಮಗೆ ಬಂದಾಗ, ಫಾರ್ವರ್ಡ್ ಮಾಡೋ ಮೊದಲು ಒಂದು ನಿಮಿಷ ನಿಲ್ಲಿ. ಎಷ್ಟು ಪಂದ್ಯದ ಲೆಕ್ಕ ಇದು? ತಂಡ ಇವರಿಗೆ ಕೊಟ್ಟ ಕೆಲಸ ಏನು? ಜೊತೆಗೆ ಆಡ್ತಿದ್ದವರು ಯಾರು? ಇಷ್ಟು ಕೇಳಿದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. ಉಳಿದರ್ಧ ಮಾಡಿ, ತೊಂದರೆಯಿಲ್ಲ, ಆಟ ಅಂದ್ಮೇಲೆ ಅದೂ ಬೇಕು.

ಪೂರ್ವ ಅಮೆರಿಕದಲ್ಲಿ ಸಂಜೆ ಏಳಕ್ಕೆ ಶುರುವಾಗೋ ಪಂದ್ಯ ನಮ್ಮಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಬರುತ್ತೆ. ಅಲಾರಂ ಇಟ್ಕೊಂಡು ಒಂದು ಪೂರ್ತಿ ಪಂದ್ಯ ನೋಡಿ, ಹೈಲೈಟ್ಸ್‌ನಲ್ಲಿ ಬರೀ ಶಾಟ್ ಕಾಣುತ್ತೆ. ಪಾಸ್ ಎಲ್ಲಿಂದ ಹೊರಟಿತು, ರೀಬೌಂಡ್‌ಗೆ ಯಾರು ಮೈ ಅಡ್ಡ ಹಾಕಿದ್ರು ಅನ್ನೋದು ಅಲ್ಲಿ ಕಾಣಲ್ಲ.

ನಿಮ್ಮ ವೋಟ್ ಯಾರಿಗೆ, ಯಾಕೆ ಅಂತ ನಮಗೆ ವಾಯ್ಸ್ ನೋಟ್ ಕಳಿಸಿ.